ಆರನೇ ಲೇನಿನ ಏಳು ಮೀಟರ್

ಹಸಿ ಎರೆಮಣ್ಣಿನ ಮೇಲೆ ಸುಣ್ಣದ ಪುಡಿ ಬಿದ್ದರೆ ಒಂದು ವಾಸನೆ ಏಳುತ್ತದೆ. ಹೊಸದಾಗಿ ಬಳಿದ ಗೋಡೆಯದೂ ಅಲ್ಲ, ಆಸ್ಪತ್ರೆಯದೂ ಅಲ್ಲ, ಎರಡರ ನಡುವಿನದು. ಮೊನ್ನೆ ಯಾವುದೋ ತರಬೇತಿಗೆಂದು ನವಲಗುಂದಕ್ಕೆ ಹೋದವನಿಗೆ, ನಾನು ಹಿಂದೆ ಕೆಲಸ ಮಾಡಿದ ಹೈಸ್ಕೂಲಿನ ಗೇಟು ದಾಟುತ್ತಲೇ ಅದು ಮೂಗಿಗೆ ಬಡಿಯಿತು. ಮೈದಾನದಲ್ಲಿ ಒಬ್ಬ ತರುಣ ಮಾಸ್ತರು ಪ್ಯಾಂಟು ಮಡಿಚಿಕೊಂಡು ಗೆರೆ ಹಾಕುತ್ತಿದ್ದರು. ಒಂದು ಕೈಯಲ್ಲಿ ಸುಣ್ಣದ ಡಬ್ಬಿ, ಇನ್ನೊಂದರಲ್ಲಿ ಮೊಬೈಲು. ತಾಲ್ಲೂಕು ಕ್ರೀಡಾಕೂಟ ಹತ್ತಿರ ಬಂದಿತ್ತು.

ಸುಮ್ಮನೆ ನನ್ನ ದಾರಿ ಹಿಡಿದು ಹೋಗಬೇಕಿತ್ತು. ಹೋಗಲಿಲ್ಲ.

“ಸರ, ನಿಮಗ ಆಫೀಸ್‌ನವರು ಒಂದ ನೋಟಬುಕ್ ಕೊಟ್ಟಾರೇನ್ರಿ? ನೀಲಿ ರಟ್ಟಿಂದು?”

“ಯಾವ ನೋಟಬುಕ್ ರಿ?”

“ಈ ಗ್ರೌಂಡಿಂದು. ಗೆರಿ ಹೆಂಗ ಹಾಕಬೇಕು, ನೀರು ಎಲ್ಲಿ ನಿಂದರತೈತಿ, ಎಲ್ಲಾ ಬರದು ಕೊಟ್ಟಿದ್ದೆ.”

“ಇಲ್ರಿ ಸರ. ಈಗ ಎಲ್ಲಾ ಮೊಬೈಲಿನ್ಯಾಗ ಸಿಗತೈತ್ರಿ,” ಎಂದು ನಕ್ಕರು. ಒಳ್ಳೆಯ ಹುಡುಗ. ಚಿಂತೆಯ ಗೆರೆ ಒಂದೂ ಇಲ್ಲದ ಮುಖ. ಅದನ್ನು ನೋಡಿ ನನಗೇ ಚಿಂತೆಯಾಯಿತು.

ನಲವತ್ತು ಪುಟದ ನೋಟ್‌ಬುಕ್ಕು ಅದು. ಯಾವ ಕಪಾಟಿನಲ್ಲಿ ಗೆದ್ದಲಿಗೆ ಅಕ್ಷರಾಭ್ಯಾಸ ಮಾಡಿಸುತ್ತಿದೆಯೋ. ಅದರಲ್ಲಿ ಎಲ್ಲವನ್ನೂ ಬರೆದಿದ್ದೆ, ಅದನ್ನು ಯಾಕೆ ಬರೆದೆ ಎಂಬುದೊಂದನ್ನು ಬಿಟ್ಟು.

ಆ ವರ್ಷ ಶ್ರಾವಣದಲ್ಲಿ ಹಿಡಿದ ಮಳೆ ಬಿಡಲೇ ಇಲ್ಲ. ಹೆಸರಿನ ಕಾಯಿ ಬಿಡಿಸುವ ಹೊತ್ತಿಗೆ ಕಾಳು ಗಿಡದಲ್ಲೇ ಮೊಳಕೆ ಒಡೆದಿತ್ತು. ಒಂದು ತಾಸು ಬಿಸಿಲು ಬಿದ್ದರೆ ಊರಿಗೆ ಊರೇ ಹೊಲಕ್ಕೆ ಓಡುತ್ತಿತ್ತು, ಬಿಡಿಸಿದ್ದನ್ನು ಡಾಂಬರು ರಸ್ತೆಯ ಮೇಲೆ ಹರವುತ್ತಿತ್ತು, ಮೋಡ ಕಂಡರೆ ತಾಡಪಾಲು ಹುಡುಕುತ್ತಿತ್ತು. ನಮ್ಮ ಮಣ್ಣು ಒಣಗಿದರೆ ಬಿರಿಯುತ್ತದೆ, ನೆನೆದರೆ ಕಾಲಿನ ಚಪ್ಪಲಿ ಕಸಿದುಕೊಳ್ಳುತ್ತದೆ. ಎರಡರ ನಡುವಿನ ಹದದ ದಿನಗಳು ಬೆರಳೆಣಿಕೆಯಷ್ಟು. ಅಂಥ ಎರಡು ದಿನ ಹುಡುಕಿ ತಾಲ್ಲೂಕು ಕೂಟ ಮುಗಿಸಬೇಕಿತ್ತು. ಆಗಲೇ ಎರಡು ಸಲ ಮುಂದೂಡಿ ಆಗಿತ್ತು.

ನಮ್ಮ ಶಾಲೆಯಲ್ಲಿ ಪಿ.ಟಿ. ಮಾಸ್ತರು ಇರಲಿಲ್ಲ. ಹೊಸಮನಿ ಮಾಸ್ತರು ನಿವೃತ್ತರಾಗಿ ಮೂರು ವರ್ಷವಾದರೂ ಅವರ ಜಾಗಕ್ಕೆ ಯಾರೂ ಬಂದಿರಲಿಲ್ಲ. ಕೂಟದ ಜವಾಬ್ದಾರಿ ಯಾರಿಗೆ ಎಂಬ ಪ್ರಶ್ನೆ ಎದ್ದಾಗ, ದಕ್ಷಿಣದ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದಿದ್ದ ತಾಲ್ಲೂಕು ಶಿಕ್ಷಣಾಧಿಕಾರಿ ಸಾಹೇಬರು ಸಭೆಯಲ್ಲಿ ನನ್ನ ಕಡೆ ಪೆನ್ನು ತೋರಿಸಿದರು.

“ಇನಾಮದಾರ್ ಸರ್, ನೀವು ಗಣಿತದವರು. ಟ್ರ್ಯಾಕ್ ಅಂದ್ರೆ ಇನ್ನೇನು? ಎರಡು ಅರ್ಧ ವೃತ್ತ, ಎರಡು ಸರಳರೇಖೆ. ನಿಮಗಿಂತ ಯಾರು ಬೇಕು?”

ಬೇಡವೆಂದರೆ ಏನಾದೀತೋ ಎಂಬ ಚಿಂತೆ, ಹೂಂ ಎಂದರೆ ಏನಾದೀತೋ ಎಂಬ ಚಿಂತೆಗಿಂತ ಗುಂಜಿಯಷ್ಟು ಹೆಚ್ಚಿತ್ತು. ಹೂಂ ಎಂದೆ.

ಮರುದಿನ ಕ್ರೀಡಾ ಕೋಣೆಯ ಬೀಗ ತೆಗೆಸಿದೆ. ಹೊಸಮನಿ ಮಾಸ್ತರು ನಿವೃತ್ತರಾಗುವಾಗ ಸಹಿ ಮಾಡಿಕೊಟ್ಟ ಪಟ್ಟಿ ಗೋಡೆಗೆ ಅಂಟಿತ್ತು. ಗುಂಡು ನಾಲ್ಕು. ಭರ್ಚಿ ಮೂರು, ಒಂದರ ಮೊನೆ ಮೊಂಡ. ವಾಲಿಬಾಲ್ ನೆಟ್ ಒಂದು, ಹರಿದಿದೆ. ಹಗ್ಗ ಒಂದು, ಸುಸ್ಥಿತಿಯಲ್ಲಿದೆ. ಇಡೀ ತಾಲ್ಲೂಕಿನ ಕೂಟವನ್ನು ವರ್ಷಾನುಗಟ್ಟಲೆ ನಡೆಸಿದ ಮನುಷ್ಯ ಹಿಂದೆ ಬಿಟ್ಟುಹೋದ ಬರಹ ಇಷ್ಟೇ. ಉಳಿದದ್ದೆಲ್ಲ ಅವರ ತಲೆಯಲ್ಲಿತ್ತು, ಆ ತಲೆ ಜಾಡರ ಓಣಿಯ ಅವರ ಮನೆಯ ಕಟ್ಟೆಯ ಮೇಲೆ ಪೇಪರು ಓದುತ್ತ ಕೂತಿರುತ್ತಿತ್ತು.

ಹೋಗಿ ಕೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಅದಕ್ಕೊಂದು ರೀತಿ ಇತ್ತು. ನಿವೃತ್ತರಾದ ಮೇಲಿನ ಎರಡು ವರ್ಷವೂ ಗೆರೆ ಹಾಕುವ ಹಿಂದಿನ ದಿನ ನಮ್ಮ ಹೆಡ್ಡಮಾಸ್ತರು ಎಲೆ ಅಡಿಕೆ, ಒಂದು ತೆಂಗಿನಕಾಯಿ ಹಿಡಿದುಕೊಂಡು ಅವರ ಮನೆಗೆ ಹೋಗಿದ್ದರು. “ನಡೀರಿ ಮಾಸ್ತರ, ನೀವು ಬರಲಾರದ ಕೂಟ ಹೆಂಗ ಆಗತೈತಿ” ಎನ್ನಬೇಕು. ಅವರು “ಈಗೇನ ನನ್ನ ಕೆಲಸ ಅಲ್ಲಿ? ಹುಡುಗೂರು ಅದಾರ, ಮಾಡ್ತಾರ” ಎಂದು ಎರಡು ಸಲ ಬೇಡವೆನ್ನಬೇಕು. ಮೂರನೇ ಸಲಕ್ಕೆ ಒಳಗಿನಿಂದ ಅವರ ಹೆಂಡತಿ ಬಿಳಿ ಕ್ಯಾನ್ವಾಸ್ ಬೂಟು ತಂದಿಡಬೇಕು, ವಾರದ ಹಿಂದೆಯೇ ಬಣ್ಣ ಬಳಿದು ಒಣಗಿಸಿದ್ದು. ಆ ವರ್ಷ ಹೆಡ್ಡಮಾಸ್ತರು ವರ್ಗವಾಗಿ ಹೋಗಿದ್ದರು. ಎಲೆ ಅಡಿಕೆಯ ವಿಷಯ ಯಾವ ಪಟ್ಟಿಯಲ್ಲೂ ಇರಲಿಲ್ಲ. ನನಗೆ ಅರೆಬರೆ ಗೊತ್ತಿತ್ತು. ಆದರೆ ನನ್ನ ಬಳಿ ಐವತ್ತಾರು ಶಾಲೆಗಳ ಹೆಸರಿನ ಪಟ್ಟಿ, ಉಪ್ಪಿಟ್ಟಿನ ರವೆ, ಆಂಬುಲೆನ್ಸಿನ ಪತ್ರ, ಮೈಕಿನವನು, ಎಲ್ಲ ಇದ್ದವು. ಆಮಂತ್ರಣವನ್ನು ವಾಟ್ಸಾಪಿನಲ್ಲಿ ಎಲ್ಲರಿಗೂ ಕಳಿಸುವಾಗ ಅವರಿಗೂ ಕಳಿಸಿದೆ. ಕೆಳಗೆ ಒಂದು ಕೈಮುಗಿದ ಚಿತ್ರ ಹಾಕಿದೆ. ಎರಡು ನೀಲಿ ಗೀಟು ಬಿದ್ದವು. ಉತ್ತರ ಬರಲಿಲ್ಲ.

“ಮಾಸ್ತರ್ರ ಮನಿಗೆ ಹೋಗಿ ಬರ್ರಿ ಒಂದ ಸಲ,” ಎಂದಳು ನನ್ನ ಹೆಂಡತಿ.

“ಓದ್ಯಾರಲ್ಲ. ಬರಬೇಕಂದ್ರ ಬರ್ತಾರ.”

“ನಾಯಿ ಟ್ರ್ಯಾಕಿನ್ಯಾಗ ಬಂದ್ರ ಏನ ಮಾಡೂದು ಅಂತ ಬೆಳತನಕ ಹೊಳ್ಯಾಡತೀರಿ. ಇದಕ್ಕ ಚಿಂತಿ ಇಲ್ಲೇನು?”

ಇರಲಿಲ್ಲ. ನನ್ನ ಚಿಂತೆಗಳ ಸ್ವಭಾವವೇ ಹಾಗೆ. ಮೈದಾನದ ನಾಲ್ಕೂ ಮೂಲೆ ಕಾಯುತ್ತವೆ, ನಡುವಿನ ಬಾಗಿಲು ತೆರೆದೇ ಇರುತ್ತದೆ.

ಕೂಟಕ್ಕೆ ಎರಡು ದಿನ ಇರುವಾಗ ತಿರ್ಲಾಪುರದಿಂದ ಒಬ್ಬರು ಮಗಳನ್ನು ಕರೆದುಕೊಂಡು ಬಂದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಜನ್ಮದಾಖಲೆ. ಹೆಸರು ನಿಂಗಪ್ಪ, ಕುರಿ ಕಾಯುವವರು. ಮಗಳು ರೇಣುಕಾ ಹತ್ತನೆಯ ತರಗತಿ. ದಾಖಲೆಯಲ್ಲಿ ಅವಳ ಹೆಸರು ರೇಣವ್ವ ಎಂದಿತ್ತು, ಅದನ್ನು ಸರಿಪಡಿಸಲು ಬಂದಿದ್ದರು.

“ಇದ ಕಡೀ ವರ್ಷ ನೋಡ್ರಿ ಆಕಿಗೆ,” ಎಂದರು ನಿಂಗಪ್ಪ. “ಜಿಲ್ಲಾಕ್ಕ ಹೋದ್ರ, ಅಲ್ಲಿ ಓಡಿದ್ರ, ಮುಂದ ಕಾಲೇಜಿಗೆ ಆಟದವರ ಹಾಸ್ಟೆಲ್ ಸಿಗತೈತಂತ ಅವರ ಟೀಚರ್ ಹೇಳ್ಯಾರ. ಹಾಸ್ಟೆಲ್ ಸಿಕ್ರ ಕಲೀಲಿ. ಇಲ್ಲಂದ್ರ ಆಗೂದಿಲ್ರಿ. ದೀಪಾವಳಿ ಆತಂದ್ರ ನಾವು ಕುರಿ ಹೊಡಕೊಂಡ ಹೊಂಟ ಬಿಡತೀವಿ. ಆರ ತಿಂಗಳ ಊರಾಗ ಇರೂದಿಲ್ಲ. ಒಬ್ಬಾಕಿನ್ನ ಯಾರ ಕೂಡ ಬಿಡೂದು?”

“ಎಷ್ಟು ಚೊಲೋ ಓಡತಿ?” ಎಂದು ಹುಡುಗಿಯನ್ನು ಕೇಳಿದೆ.

“ಇನ್ನೂರ ಮೀಟರ್ ಓಡತೇನ್ರಿ,” ಎಂದಳು. ಚೊಲೋ ಎಂಬ ಮಾತಿಗೆ ಉತ್ತರ ಕೊಡಲಿಲ್ಲ. “ಕಾಲುವಿ ದಂಡಿಗೆ ದಿನಾ ಓಡತೇನ್ರಿ. ಹೆಜ್ಜಿ ಎಣಿಸಿ.”

“ಓಡವಾಗ ಹೆಜ್ಜಿ ಎಣಿಸತಿ?”

“ಟೇಪ್ ಇಲ್ಲಲ್ರಿ,” ಎಂದಳು, ಇಷ್ಟೂ ತಿಳಿಯುವುದಿಲ್ಲವೇ ಎಂಬಂತೆ.

ತಾಲ್ಲೂಕಿನಿಂದ ಜಿಲ್ಲೆಗೆ ಒಂದು ಓಟಕ್ಕೆ ಇಬ್ಬರು. ಅರ್ಜಿಯ ಮೇಲೆ ಸಹಿ ಮಾಡುವಾಗ ಈ ಹುಡುಗಿ ಓಡುವ ಹೊತ್ತಿಗೆ ಮಳೆ ಬಂದರೆ ಎಂದು ಚಿಂತಿಸಿದೆ. ಮಳೆ ಬರಲಿಲ್ಲ.

ಗೆರೆ ಹಾಕುವ ದಿನ ಸಾಹೇಬರು ನಿಯಮ ಪುಸ್ತಕ ಹಿಡಿದುಕೊಂಡು ಮೈದಾನಕ್ಕೆ ಬಂದರು. “ಪ್ರತಿ ಲೇನೂ ಒಂದು ಮೀಟರ್ ಇಪ್ಪತ್ತೆರಡು ಸೆಂಟಿಮೀಟರ್ ಅಗಲ ಇರಬೇಕು. ಇಲ್ಲಿ ಹಿಂದಿನಿಂದ ಹೆಂಗೋ ಮಾಡ್ತಿದ್ರಂತೆ. ಈ ಸಲ ನಿಯಮದ ಪ್ರಕಾರ ಆಗಲಿ.” ನನಗೆ ಸಂತೋಷವೇ ಆಯಿತು. ಅಂಕಿ ಕೊಟ್ಟರೆ ನನ್ನಂಥವನಿಗೆ ಗೋಡೆ ಸಿಕ್ಕ ಹಾಗೆ, ಒರಗಿಕೊಳ್ಳಬಹುದು. ಟೇಪು ಹಿಡಿದು ಒಂದೊಂದು ಲೇನನ್ನೂ ಸೆಂಟಿಮೀಟರ್ ತಪ್ಪದಂತೆ ಅಳೆದೆ. ಆರನೇ ಲೇನು ಕಂಪೌಂಡಿನ ಹತ್ತಿರಕ್ಕೇ ಹೋಯಿತು.

ಇನ್ನು ಓಟ ಶುರು ಮಾಡುವ ಜಾಗ. ಇನ್ನೂರು ಮೀಟರೆಂದರೆ ನಮ್ಮ ಮೈದಾನದಲ್ಲಿ ಪೂರ್ತಿ ಒಂದು ಸುತ್ತು. ಒಳಗಿನ ಲೇನಿನವರಿಗೆ ಸುತ್ತು ಸಣ್ಣದು, ಹೊರಗಿನವರಿಗೆ ದೊಡ್ಡದು. ಆದ್ದರಿಂದ ಹೊರಗಿನವರನ್ನು ಅಷ್ಟಷ್ಟು ಮುಂದೆ ನಿಲ್ಲಿಸಬೇಕು. ಎಷ್ಟು ಮುಂದೆ ಎಂದು ನಾನು ಕಾಗದ ತೆಗೆಯುವಷ್ಟರಲ್ಲಿ ನಮ್ಮ ಶಾಲೆಯ ಜವಾನ ಫಕೀರಪ್ಪ ಹಗ್ಗದ ಸುರುಳಿ ತಂದು ಹಾಕಿದ. ಅದಕ್ಕೆ ಅಲ್ಲಲ್ಲಿ ಬಣ್ಣದ ಅರಿವೆ ಕಟ್ಟಿತ್ತು.

“ಲೆಕ್ಕ ಯಾಕ ಮಾಡತೀರಿ ಸರ? ಹೊಸಮನಿ ಮಾಸ್ತರು ಎಲ್ಲಾ ಕಟ್ಟಿ ಇಟ್ಟಾರ. ಈ ತುದಿ ಇಲ್ಲಿ ಹಿಡದ್ರ, ಕೆಂಪು ಅರಿವಿ ಎರಡನೇದವರು ನಿಲ್ಲೂ ಜಾಗಾ, ಹಳದಿ ಮೂರನೇದವರು. ಇಪ್ಪತ್ತ ವರ್ಷ ಈ ತುದಿ ನಾನ ಹಿಡದೇನ್ರಿ.”

ಹಗ್ಗ ಎಳೆದೆವು. ಅರಿವೆ ಇದ್ದಲ್ಲಿ ಗೆರೆ ಹಾಕಿದೆವು. ಹತ್ತು ನಿಮಿಷದ ಕೆಲಸ. ಫಕೀರಪ್ಪನಿಗೆ ಗಂಟು ಎಲ್ಲಿದೆ ಎಂಬುದು ಗೊತ್ತಿತ್ತು. ಸಾಹೇಬರ ಪುಸ್ತಕಕ್ಕೆ ಅಗಲ ಎಷ್ಟು ಎಂಬುದು ಗೊತ್ತಿತ್ತು. ಈ ಎರಡನ್ನೂ ಜೋಡಿಸಿ ನೋಡಬೇಕಾದವನು ನಾನು, ಪ್ರತಿ ವರ್ಷ ಎಂಟನೆಯ ತರಗತಿಗೆ ವೃತ್ತದ ಸುತ್ತಳತೆ ಕಲಿಸಿ, ತಪ್ಪಿದವರಿಗೆ ಹತ್ತು ಸಲ ಬರೆಸುವವನು. ನಾನು ಆಗ ಮೈಕಿನವನಿಗೆ ಫೋನು ಮಾಡುತ್ತಿದ್ದೆ.

ಕೂಟದ ಮೊದಲ ದಿನ ಬಿಸಿಲು ಬಿತ್ತು. ಎಳೆ ಬಿಸಿಲಿಗೆ ಮೈದಾನದ ಮೇಲಿಂದ ಹಬೆ ಏಳುತ್ತಿತ್ತು. ಹೊಸಮನಿ ಮಾಸ್ತರು ಬಂದಿದ್ದರು, ಆದರೆ ಒಳಗಲ್ಲ. ಕಂಪೌಂಡಿನ ಆಚೆ, ಚಹಾದ ಅಂಗಡಿಯ ಬೆಂಚಿನ ಮೇಲೆ, ಚಪ್ಪಲಿಯಲ್ಲಿ. ನಾನು ದೂರದಿಂದ ಕೈ ಮುಗಿದೆ. ಅವರೂ ಮುಗಿದರು. ಆಮೇಲೆ ಹೋಗಿ ಮಾತಾಡಿಸಿದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಉಪ್ಪಿಟ್ಟು ಸೀದಿದೆ ಎಂಬ ಸುದ್ದಿ ಬಂತು.

ಮಧ್ಯಾಹ್ನ ಹುಡುಗಿಯರ ಇನ್ನೂರು ಮೀಟರ್. ಚೀಟಿ ಎತ್ತಿದಾಗ ರೇಣುಕಾಳಿಗೆ ಆರನೇ ಲೇನು ಬಂತು. ಬರಿಗಾಲಲ್ಲಿ ನಿಂತಳು. ಸೀಟಿ ಊದಿದ್ದೇ ಹುಡುಗಿ ಕವಣೆಯಿಂದ ಬಿಟ್ಟ ಕಲ್ಲಿನ ಹಾಗೆ ಹೋದಳು. ಕೊನೆಯ ತಿರುವಿನಲ್ಲಿ ನೋಡುತ್ತೇನೆ, ಒಳಗಿನ ಲೇನುಗಳ ಹುಡುಗಿಯರು ಅವಳಿಗಿಂತ ಮುಂದಿದ್ದಾರೆ. ಅವಳು ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತ ಬಂದಳು. ಕೊನೆಯ ನೇರ ದಾರಿಯಲ್ಲಿ ಜನ ಎದ್ದು ನಿಂತರು. ಮೂರನೆಯವಳಾಗಿ ಗೆರೆ ದಾಟಿದಳು, ಎರಡನೆಯವಳಿಗಿಂತ ಒಂದು ಗೇಣು ಹಿಂದೆ.

ಫಲಿತಾಂಶ ಬರೆಯುವ ಮೇಜಿಗೆ ಅವಳು ಬಂದಾಗ ಇನ್ನೂ ಏದುಸಿರು ಇತ್ತು. ಕಾಲಿಗೆ ಮೊಳಕಾಲತನಕ ಕರಿ ಮಣ್ಣು.

“ಸರ, ನನ್ನ ಲೇನ್ ಉದ್ದ ಐತ್ರಿ.”

“ಹಂಗ ಹೆಂಗ ಇರತೈತವಾ? ಎಲ್ಲಾ ಅಳದ ಹಾಕೇವಿ.”

“ಹೆಜ್ಜಿ ಹೆಚ್ಚ ಬಿದ್ದಾವ್ರಿ. ನಾಕ ಹೆಜ್ಜಿ ಹೆಚ್ಚು. ಮತ್ತೊಮ್ಮೆ ಟೇಪ್ ಹಿಡದ ನೋಡ್ರಿ.”

ನನ್ನ ಹಿಂದೆ ಗುಂಡು ಎಸೆತದ ಫಲಿತಾಂಶಕ್ಕೆ ನಾಲ್ಕು ಜನ ಕಾಯುತ್ತಿದ್ದರು. ನಾನು ಅವಳ ಹೆಗಲ ಮೇಲೆ ಕೈಯಿಟ್ಟು, ತಿಳಿವಳಿಕಸ್ಥನ ದನಿಯಲ್ಲಿ ಹೇಳಿದೆ: “ಸೋತವರಿಗೆಲ್ಲಾ ಹಂಗ ಅನಸತೈತಿ, ತಂಗಿ.”

ಅವಳು ನನ್ನನ್ನು ನೋಡಿದಳು. ಅಳಲಿಲ್ಲ. ಕೈ ಇಳಿಸುವಂತೆ ಹೆಗಲನ್ನು ಸ್ವಲ್ಪ ಸರಿಸಿ, ಹೊರಟುಹೋದಳು.

ಸಂಜೆ ಆಟ ಮುಗಿದ ಮೇಲೆ ಅಂಗಡಿಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ ಕೊಂಡೆ. ಎರಡು ದಿನ ತಡವಾಗಿ. ಹೊಸಮನಿ ಮಾಸ್ತರು ಕಟ್ಟೆಯ ಮೇಲಿದ್ದರು. ಅವರ ಹೆಂಡತಿ “ಬರ್ರಿ” ಎಂದು ತಂಬಿಗೆಯಲ್ಲಿ ನೀರು ಕೊಟ್ಟರು. ಕಾಯಿಯನ್ನು ಮಾಸ್ತರ ಮುಂದಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ.

“ಆ ಆರನೇ ಲೇನಿನ ಹುಡುಗಿ ಯಾವೂರದು?” ಎಂದರು.

“ತಿರ್ಲಾಪುರದ್ದು.”

“ಚೊಲೋ ಓಡ್ತಾಳ. ಏಳ ಮೀಟರ್ ಹೆಚ್ಚು ಓಡಿ ಮೂರನೇದಾಕಿ ಬಂದ್ಲು.”

ನನಗೆ ತಕ್ಷಣ ತಿಳಿಯಿತು. ಗಣಿತದವನಲ್ಲವೇ, ಸುತ್ತಳತೆಯ ಲೆಕ್ಕ ತಾನಾಗಿ ತಲೆಯೊಳಗೆ ಓಡಿತು. ಆದರೂ ಕೇಳಿದೆ: “ಹೆಂಗ್ರಿ?”

“ನಮ್ಮ ಗ್ರೌಂಡ್ ಇಕ್ಕಟ್ಟು. ಅದಕ್ಕ ನಾ ಲೇನ್ ಬರೇ ಒಂದ ಮೀಟರ್ ಇಡತಿದ್ದೆ. ಹಗ್ಗದ ಗಂಟು ಆ ಅಳತಿಗೆ ಕಟ್ಟಿದ್ದು. ನೀವು ಲೇನ್ ಅಗಲ ಮಾಡಿದ್ರಿ, ಗಂಟು ಹಂಗ ಇಟ್ರಿ. ಒಂದೊಂದ ಲೇನಿಗೆ ಒಂದೂಕಾಲ ಮೀಟರ್ ಮ್ಯಾಲ ಫರಕ ಬೀಳತಾವ. ಆರನೇದಕ್ಕ ಏಳು.”

“ನಿಮಗ ಯಾವಾಗ ಕಂಡಿತ್ರಿ?”

“ಮುಂಜಾನೆ. ಚಾ ಕುಡಿಯೂ ಮುಂದ.”

“ಮತ್ತ ಒಂದ ಮಾತ ಹೇಳಬಾರದಾಗಿತ್ತೇನ್ರಿ ಮಾಸ್ತರ?”

“ಕರೀಲಾರದ ಮನಿಗೆ ಹೋಗಿ, ಅಡಗ್ಯಾಗ ಉಪ್ಪಿಲ್ಲ ಅಂತ ಹೆಂಗ ಹೇಳೂದ್ರಿ?” ಎಂದರು. ನಂತರ ದನಿ ತಗ್ಗಿತು. “ಹೇಳಬೇಕಿತ್ತು. ಎರಡ ಸಲ ಎದ್ದೆ. ಗೇಟಿನತನಕ ಬಂದೆ. ಆ ಹುಡುಗಿ ಓಡೂದ ನೋಡಿದ ಮ್ಯಾಲ ಚಾ ಅಲ್ಲೇ ಬಿಟ್ಟ ಮನಿಗೆ ಬಂದೆ.”

“ಒಂದ ಹಾಳ್ಯಾಗರ ಬರದ ಇಟ್ಟಿದ್ರ…”

“ಬರದ ಕೊಟ್ಟಿದ್ರ ಆ ಎರಡ ವರ್ಷ ನನ್ನ ಯಾರ ಕರೀತಿದ್ರು?” ಎಂದರು. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಮುಖ ತಿರುಗಿಸಿ ಒಳಗೆ ಹೋದರು.

ಅವರ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವರಿಗೆ ಉಳಿದಿದ್ದ ಆಸ್ತಿ ಅದೊಂದೇ ಎಂದು ಗೊತ್ತಿದ್ದೂ, ಕೈಮುಗಿದ ಚಿತ್ರ ಕಳಿಸಿ ಕೆಲಸ ಮುಗಿಸಿದವನು ನಾನು.

ಮರುದಿನ ಬೆಳಿಗ್ಗೆ ಸಾಹೇಬರ ಮುಂದೆ ನಿಂತೆ. ಹೇಳಿದೆ. ಅವರು ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು, ತಪ್ಪನ್ನು ಅವರ ಮೇಲೆ ಹಾಕಲು ಒಂದು ನೆಪ ಸಿಗುತ್ತಿತ್ತು. ಕಾಗದದ ಮೇಲೆ ಲೆಕ್ಕ ಮಾಡಿ ನೋಡಿ, ಪೆನ್ನು ಕೆಳಗಿಟ್ಟರು.

“ಇದೊಂದೇ ಓಟ ಅಲ್ಲ ಸರ್. ಆ ಗೆರೆಯಿಂದ ಹುಡುಗರೂ ಓಡಿದಾರೆ. ಎಲ್ಲ ರದ್ದು ಮಾಡಿ ಮತ್ತೆ ಓಡಿಸಬೇಕು. ನೀವು ಬರೆದು ಕೊಡಿ, ಏನಾಯ್ತು, ಯಾರಿಂದ ಆಯ್ತು ಅಂತ. ನಾನು ಮೇಲಿನವರ ಹತ್ರ ಮಾತಾಡ್ತೀನಿ. ಐದು ಗಂಟೆಗೆ ಜಿಲ್ಲೆಗೆ ಲಿಸ್ಟ್ ಹೋಗುತ್ತೆ. ಅಷ್ಟರೊಳಗೆ ನನ್ನ ಟೇಬಲ್ ಮೇಲೆ ಇರಲಿ.”

ಬರೆದೆ. ಕ್ರೀಡಾ ಕೋಣೆಯಲ್ಲಿ ಕುಳಿತು, ಒಳ್ಳೆಯ ಅಕ್ಷರದಲ್ಲಿ ಬರೆದೆ. ಸಹಿ ಮಾಡಿದೆ. ಆಮೇಲೆ ಚಿಂತೆಗಳು ಒಂದೊಂದಾಗಿ ಬಂದು ಬೆಂಚಿನ ಮೇಲೆ ಕೂತವು. ನೋಟಿಸು ಬಂದರೆ? ವಿಚಾರಣೆ? ಸೇವಾ ಪುಸ್ತಕದಲ್ಲಿ ಕೆಂಪು ಮಸಿ? ಬಡ್ತಿಗೆ ಇನ್ನೊಂದೇ ವರ್ಷ. ಗೆದ್ದ ಮಕ್ಕಳು ನಿನ್ನೆಯೇ ಊರು ಸೇರಿದ್ದಾರೆ, ಅವರ ತಾಯಂದಿರು ಓಣಿಗೆಲ್ಲ ಸಕ್ಕರೆ ಹಂಚಿರುತ್ತಾರೆ, ಅವರನ್ನು ಮತ್ತೆ ಕರೆಸಿ ಸೋಲಿಸುವುದೇ? ಮೂರು ಗಂಟೆಗೆ ಮಳೆ ಸುರುವಾಯಿತು. ಇನ್ನು ವಾರ ಈ ಮೈದಾನಕ್ಕೆ ಕಾಲಿಡುವ ಹಾಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆ ಮಳೆಯನ್ನು ಕಂಡು ಸಮಾಧಾನಪಟ್ಟವನು ಆ ವರ್ಷ ಇಡೀ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಪತ್ರವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟೆ. ಐದು ಗಂಟೆ ಆಯಿತು. ಐದೂವರೆ ಆಯಿತು. ಸಾಹೇಬರು ಮತ್ತೆ ಕೇಳಲಿಲ್ಲ.

ದಸರೆ ರಜೆಯಲ್ಲಿ ಆ ನೋಟ್‌ಬುಕ್ಕು ಬರೆದೆ. ಹೊಸಮನಿ ಮಾಸ್ತರ ಕಟ್ಟೆಯ ಮೇಲೆ ಕುಳಿತು, ಅವರು ಹೇಳಿದ್ದನ್ನೆಲ್ಲ. ಈ ಸಲ ಅವರು ಒಂದನ್ನೂ ಮುಚ್ಚಿಡಲಿಲ್ಲ. ಬರೆದು ಮುಗಿಸಿದ ದಿನ ಇಬ್ಬರಿಗೂ ಹಗುರಾಗಲಿಲ್ಲ.

ದೀಪಾವಳಿ ಹತ್ತಿರ ಬಂದಾಗ ತಡೆಯಲಾಗದೆ ತಿರ್ಲಾಪುರದ ಬಸ್ಸು ಹತ್ತಿದೆ. ಅಷ್ಟರಲ್ಲಿ ಜಿಲ್ಲೆಯ ಕೂಟ ಮುಗಿದಿತ್ತು. ಊರ ಹೊರಗೆ, ಕಟಾವಾದ ಹೆಸರಿನ ಹೊಲದಲ್ಲಿ ಕುರಿ ನಿಲ್ಲಿಸಿದ್ದರು. ನಿಂಗಪ್ಪ ಹೊರಡುವ ತಯಾರಿಯಲ್ಲಿದ್ದರು. ರೇಣುಕಾ ಒಂದು ಕುಂಟುವ ಮರಿಯ ಗೊರಸಿನಿಂದ ಮುಳ್ಳು ತೆಗೆಯುತ್ತಿದ್ದಳು.

“ಸಾಲಿ ಹೆಂಗ ನಡದೈತಿ?” ಎಂದೆ.

“ಪರೀಕ್ಷಾತನಕ ಕಾಕಾನ ಮನ್ಯಾಗ ಇರತೇನ್ರಿ. ಆಮ್ಯಾಲ ಇವರ ಕೂಡ.” ಕುರಿಗಳ ಕಡೆ ಗದ್ದ ತೋರಿಸಿದಳು.

ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನು ಹೇಳಿದೆ. ಆರನೇ ಲೇನು ಏಳು ಮೀಟರ್ ಉದ್ದವಿತ್ತು. ತಪ್ಪು ನನ್ನದು. ಸರಿಯಾಗಿ ಹಾಕಿದ್ದರೆ ನೀನು ಮೊದಲನೆಯವಳು.

“ಗೊತ್ತೈತ್ರಿ,” ಎಂದಳು. “ಆವತ್ತ ಹೇಳಿದ್ನೆಲ್ರಿ.” ಮುಳ್ಳು ಬಂತು. ಅದನ್ನು ಬಿಸಿಲಿಗೆ ಹಿಡಿದು ನೋಡಿ ಎಸೆದಳು. “ನಿಮಗ ಯಾವಾಗ ಗೊತ್ತಾತ್ರಿ?”

ಈ ಪ್ರಶ್ನೆಯ ಉತ್ತರವನ್ನು ನಾನು ಬಾಯಿಪಾಠ ಮಾಡಿರಲಿಲ್ಲ. “ಆವತ್ತ ಸಂಜಿಮುಂದ,” ಎಂದೆ.

“ಲಿಸ್ಟ್ ಹೋಗಿದ್ದು ಮರುದಿನ ಅಂದಿದ್ರಲ್ರಿ ನಮ್ಮ ಟೀಚರ್.”

“ಹೌದು.”

ಅವಳು ಮರಿಯನ್ನು ಕೆಳಗೆ ಬಿಟ್ಟಳು. ಅದು ಎರಡು ಹೆಜ್ಜೆ ಕುಂಟಿ, ಆಮೇಲೆ ನೆಟ್ಟಗೆ ಓಡಿ ತಾಯಿಯನ್ನು ಸೇರಿತು. ನಿಂಗಪ್ಪ ಮೂರು ಕಲ್ಲಿನ ಒಲೆಯ ಮೇಲೆ ಪಾತ್ರೆ ಇಟ್ಟು ಕೂಗಿದರು: “ಮಾಸ್ತರು ನಮ್ಮ ಹುಡುಗಿನ್ನ ಕೇಳಕೋತ ಇಷ್ಟ ದೂರ ಬಂದಾರ. ಚಾ ಕುಡೀಲಾರದ ಕಳಸೂದ?”

“ಬ್ಯಾಡ್ರಿ, ಬಸ್ಸಿಗೆ ಹೊತ್ತಾತು,” ಎಂದೆ.

“ಬಸ್ಸಿಗೆ ಇನ್ನೂ ಒಂದ ತಾಸ ಐತ್ರಿ ಸರ,” ಎಂದಳು ರೇಣುಕಾ. ಕಂಬಳಿ ತಂದು ನೆಲಕ್ಕೆ ಹಾಸಿ, ಮಡಿಕೆ ಸರಿಮಾಡಿದಳು. “ಕುಂದರ್ರಿ.”

ಕುಳಿತೆ. ಆ ಒಂದು ತಾಸು ಅವಳು ಮತ್ತೇನೂ ಕೇಳಲಿಲ್ಲ.